ಎಡಗಡೆ ಖಾಲಿ

ಸರ್ಕ್ಯೂಟ್ ಬರೆಯುವುದಕ್ಕೂ ಒಂದು ಶಿಷ್ಟಾಚಾರವಿದೆ. ಬ್ಯಾಟರಿಯ ಪ್ಲಸ್ಸು ಹಾಳೆಯ ಮೇಲ್ಗಡೆ, ಮೈನಸ್ಸು ಕೆಳಗಡೆ. ಸಿಗ್ನಲ್ ಬರುವುದು ಎಡದಿಂದ, ಹೋಗುವುದು ಬಲಕ್ಕೆ. ಆಂಪ್ಲಿಫೈಯರ್ ಬರೆದರೆ ಎಡತುದಿಯಲ್ಲಿ ಒಂದು ಸಣ್ಣ ಸೊನ್ನೆ ಸುತ್ತಿ ‘ಇನ್‌ಪುಟ್’ ಎಂದು ಗುರುತು ಹಾಕಬೇಕು. ಮೈಕೋ ಇನ್ನೊಂದೋ ಅಲ್ಲಿ ಬಂದು ಕೂರುತ್ತದೆ. ಹತ್ತು ದಿನ ಇದನ್ನೇ ಬರೆದು ಕೈ ಕುದುರಿದ ಮೇಲೆ ನನ್ನ ಗುರು, ತಾನಾಗಿ ಸ್ವರ ಹೊರಡಿಸುವ ಆಸಿಲೇಟರ್ ಬರೆಯಲು ಹೇಳಿದ. ಟ್ರಾನ್ಸಿಸ್ಟರ್ ಬರೆದೆ, ಕಲೆಕ್ಟರಿನ ಮೇಲೊಂದು ರೆಸಿಸ್ಟರ್ ಬರೆದೆ, ಎಮಿಟರಿನ ಕೆಳಗೊಂದು ಬರೆದೆ. ಎಡಗಡೆಗೆ ಬಂದಾಗ ಪೆನ್ಸಿಲ್ ನಿಂತಿತು.

“ಇಲ್ಲಿ ಏನು ಬರೀಲೋ ಮಾರಾಯ?”

“ಏನೂ ಇಲ್ಲ ಮೇಷ್ಟ್ರೇ. ಎಡಗಡೆ ಖಾಲಿ.”

“ಮತ್ತೆ ಒಳಗೆ ಹೋಗೋದು ಎಲ್ಲಿಂದ?”

“ಹೊರಗೆ ಬಂದದ್ದೇ ಒಳಗೆ ಹೋಗ್ತದೆ.”

“ಹೊರಗೆ ಬರೋದು?”

“ಒಳಗೆ ಹೋದದ್ದೇ.”

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟವನಿಗೆ ಇಂಥ ಉತ್ತರ ಕೇಳಿದರೆ ಮೈ ಉರಿಯುತ್ತದೆ. ಇದಕ್ಕೆ ನಮ್ಮ ತರ್ಕದಲ್ಲಿ ಅನ್ಯೋನ್ಯಾಶ್ರಯ ಎಂದು ಹೆಸರಿಟ್ಟು, ದೋಷಗಳ ಪಟ್ಟಿಗೆ ಸೇರಿಸಿ ಎಷ್ಟೋ ಶತಮಾನಗಳಾದವು. ಅದು ಇದನ್ನು ಆಶ್ರಯಿಸಿದೆ, ಇದು ಅದನ್ನು ಆಶ್ರಯಿಸಿದೆ ಎಂದ ವಾದಿ ಅಲ್ಲಿಗೇ ಸೋತ. ಇವನು ನೋಡಿದರೆ ಆ ದೋಷವನ್ನೇ ತಂತಿ ಹಾಕಿ ಕಟ್ಟು ಎನ್ನುತ್ತಿದ್ದಾನೆ.

ಗುರು ಎಂದೆನಲ್ಲ, ಅವನು ನನ್ನ ಶಿಷ್ಯನೇ. ಸಾಗರದ ಪೇಟೆಯಲ್ಲಿ ಮಿಕ್ಸಿ, ಟಿವಿ, ಭಜನೆಮನೆಗಳ ಆಂಪ್ಲಿಫೈಯರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಒಂಬತ್ತನೆಯ ಕ್ಲಾಸಿನ ಅರ್ಧವಾರ್ಷಿಕದಲ್ಲಿ ಸಂಸ್ಕೃತಕ್ಕೆ ಮೂವತ್ತೆಂಟು ತೆಗೆದಿದ್ದ; ಅದರಲ್ಲಿ ಮೂರು ನಾನು ಕರುಣೆಯಿಂದ ಹಾಕಿದ್ದು. ಈಗ ನನ್ನ ಹಾಳೆಗಳ ಮೇಲೆ ಅವನು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಾನೆ. ಕರುಣೆ ತೋರಿಸುವುದಿಲ್ಲ.

ಇದೆಲ್ಲ ಶುರುವಾದದ್ದು ಶ್ರುತಿಪೆಟ್ಟಿಗೆಯಿಂದ. ನನ್ನ ಹೆಂಡತಿ ಶುಕ್ರವಾರದ ಭಜನೆಗೆ ಒಯ್ಯುತ್ತಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಒಂದು ಆಷಾಢದಲ್ಲಿ ಸ್ವರ ನಿಲ್ಲಿಸಿತು. ಯಾರೋ ಕೈಯಲ್ಲಿ ಜೋಡಿಸಿ ಕೊಟ್ಟಿದ್ದ, ಹೆಸರಿಲ್ಲದ ಪೆಟ್ಟಿಗೆ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆ ಎಷ್ಟರದು. ಶಿಷ್ಯ ತಿರುಪು ಬಿಚ್ಚಿ ನೋಡಿ, “ಈ ಐಸಿ ಈಗ ಸಿಗೋದಿಲ್ಲ ಮೇಷ್ಟ್ರೇ. ಹೊಸದು ತಗೊಳ್ಳಿ, ಇಲ್ಲಾಂದ್ರೆ ನೀವೇ ಒಂದು ಮಾಡ್ಕೊಳ್ಳಿ” ಎಂದ. ಎರಡನೆಯದನ್ನು ಅವನು ತಮಾಷೆಗೆ ಹೇಳಿದ್ದು. ನನಗೆ ನಿವೃತ್ತಿಯಾಗಿ ಎರಡು ವರ್ಷವಾಗಿತ್ತು, ತಮಾಷೆ ತಿಳಿಯುವ ಶಕ್ತಿ ಕುಂದಿತ್ತು. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರು ಎಂಜಿನಿಯರು, ಕೊಳಲು ನುಡಿಸುವವರು. ಕೊಳಲು ನುಡಿಸುವವರು ಮಾಡಬಹುದಾದರೆ ಕಾಳಿದಾಸನನ್ನು ಓದಿದವನು ಒಂದು ‘ಸ’ವನ್ನಾದರೂ ಹೊರಡಿಸಲಾರನೇ ಎಂಬುದು ನನ್ನ ಲೆಕ್ಕ. ಲೆಕ್ಕ ತಪ್ಪೇನಲ್ಲ. ಎಂಟು ತಿಂಗಳು ಹಿಡಿಯಿತು, ಅಷ್ಟೆ.

ಮೊದಮೊದಲು ನಾನು ಬರೆಯುತ್ತಿದ್ದದ್ದು ಚಿತ್ರ. ಬಿಸಿ 547 ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು, ಅದರ ಚಪ್ಪಟೆ ಮುಖ, ಮೂರು ಕಾಲು ಎಲ್ಲವನ್ನೂ ಶ್ರದ್ಧೆಯಿಂದ ಬರೆದಿದ್ದೆ. “ಮೇಷ್ಟ್ರೇ, ಇದು ಅದರ ಫೋಟೋ. ಅದು ಮಾಡೋ ಕೆಲಸ ಬರೀರಿ” ಎಂದ. ಒಂದು ವೃತ್ತ, ಒಳಗೊಂದು ನೆಟ್ಟ ಗೆರೆ, ಅದರಿಂದ ಹೊರಟ ಎರಡು ಓರೆ ಗೆರೆ, ಒಂದಕ್ಕೆ ಬಾಣ. ಬಾಣ ಇರುವುದು ಎಮಿಟರ್. ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲು ಕೆಳಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಹಾಳೆಯ ಮೇಲಿನ ಗುರುತಿಗೂ ಕೈಯಲ್ಲಿರುವ ವಸ್ತುವಿಗೂ ಹೋಲಿಕೆಯೇ ಇಲ್ಲ. ಇರಬೇಕಾಗಿಯೂ ಇಲ್ಲ. ಸಾಲಿಗ್ರಾಮಕ್ಕೆ ಕೈಕಾಲು ಇದೆಯೇ?

ರೆಸಿಸ್ಟರಿನ ಬಣ್ಣಗಳಿಗೆ ಒಂದು ಅನುಷ್ಟುಪ್ ಶ್ಲೋಕ ಕಟ್ಟಿಕೊಂಡೆ. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಕಿತ್ತಳೆ ಮೂರು, ಹೀಗೆ. ಮೇಳಕರ್ತ ರಾಗಗಳ ಹೆಸರಿನೊಳಗೆ ಕಟಪಯಾದಿಯಿಂದ ಅಂಕಿ ಅಡಗಿಸಿಟ್ಟ ಜನ ನಾವು. ಬಣ್ಣದೊಳಗೆ ಅಂಕಿ ಅಡಗಿಸುವುದು ನಮಗೆ ವಿಚಿತ್ರವಲ್ಲ. ನನ್ನ ಶ್ಲೋಕದ ಎರಡನೆಯ ಪಾದದಲ್ಲಿ ಛಂದಸ್ಸು ಕೆಟ್ಟಿದೆ. ರೆಸಿಸ್ಟರ್ ಕೆಟ್ಟಿಲ್ಲ.

ಹೆಂಡತಿ ಒಂದು ಬೆಳಗ್ಗೆ ರಂಗೋಲಿ ಇಟ್ಟು ಒಳಗೆ ಬಂದವಳು ನನ್ನ ಹಾಳೆಯನ್ನು ಬಗ್ಗಿ ನೋಡಿದಳು. “ಇಲ್ಲಿ ಗೆರೆ ಗೆರೆಯನ್ನು ದಾಟಿದೆ, ಚುಕ್ಕಿ ಯಾಕಿಲ್ಲ?” ಎಂದಳು. ಎರಡು ತಂತಿ ಕೂಡಿದ್ದರೆ ಮಾತ್ರ ಚುಕ್ಕಿ, ಬರೀ ದಾಟಿ ಹೋದರೆ ಚುಕ್ಕಿ ಇಲ್ಲ ಎಂದು ವಿವರಿಸಿದೆ. “ನಮ್ಮದು ಇದರ ಉಲ್ಟಾ. ಎಳೆ ರಂಗೋಲೀಲಿ ಗೆರೆ ಚುಕ್ಕಿಯ ಸುತ್ತ ಸುತ್ತಬೇಕು, ಮುಟ್ಟಬಾರದು” ಎಂದಳು. ಆಮೇಲೆ ಕೇಳಿದಳು: “ಈ ಗೆರೆ ಬಲಗಡೆಯಿಂದ ಹೊರಟು ಪುನಃ ಎಡಗಡೆಗೇ ಬಂದಿದೆಯಲ್ಲ. ನಮ್ಮ ಎಳೆಯ ಹಾಗೇ. ನೀವು ಎಲ್ಲಿಂದ ಶುರು ಮಾಡಿದ್ರಿ?” ನಾನು ಟ್ರಾನ್ಸಿಸ್ಟರಿನಿಂದ ಎಂದೆ. “ನೀವಲ್ಲ, ಅದು” ಎಂದಳು.

ಶಿಷ್ಯ ಆರಿಸಿಕೊಟ್ಟದ್ದು ಫೇಸ್ ಶಿಫ್ಟ್ ಆಸಿಲೇಟರ್. ಟ್ರಾನ್ಸಿಸ್ಟರಿನಿಂದ ಹೊರಬಂದ ಅಲೆಯನ್ನು ಮೂರು ಕೆಪಾಸಿಟರ್ ಮೂರು ರೆಸಿಸ್ಟರಿನ ಸಾಲಿನಲ್ಲಿ ದಾಟಿಸಿ ಬೇಸಿಗೆ ವಾಪಸು ಕೊಡುವುದು. ಟ್ರಾನ್ಸಿಸ್ಟರ್ ಅಲೆಯನ್ನು ತಲೆಕೆಳಗು ಮಾಡುತ್ತದೆ, ಅಂದರೆ ಅರ್ಧ ಸುತ್ತು. ಮೂರು ಮೆಟ್ಟಿಲು ಸೇರಿ ಇನ್ನರ್ಧ ಸುತ್ತು. ಪ್ರದಕ್ಷಿಣೆ ಪೂರ್ತಿಯಾಗಿ, ಹೊರಟ ಅಲೆ ಹೊರಟ ಭಂಗಿಯಲ್ಲೇ ಮನೆಗೆ ಬರುತ್ತದೆ. ಆದರೆ ದಾರಿಯಲ್ಲಿ ಸೊರಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಆ ಮೂರು ಮೆಟ್ಟಿಲು ದಾಟುವಷ್ಟರಲ್ಲಿ ಉಳಿಯುವುದು 29ರಲ್ಲಿ ಒಂದು ಪಾಲು. ಆದ್ದರಿಂದ ಟ್ರಾನ್ಸಿಸ್ಟರ್ ಕನಿಷ್ಠ 29 ಪಟ್ಟು ಹಿಗ್ಗಿಸಬೇಕು. ಜರ್ಮನಿಯ ಬಾರ್ಕ್‌ಹೌಸೆನ್ ಹೇಳಿದ ನಿಯಮ ಇದು: ಸುತ್ತು ಬಂದಾಗ ಕಳೆದುಕೊಂಡದ್ದಷ್ಟೂ ತುಂಬಿರಬೇಕು, ಭಂಗಿ ಬದಲಾಗಿರಬಾರದು.

ಹೆಂಡತಿಯ ಶ್ರುತಿ ಬಿಳಿ ಐದು, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆ. ಕೆಳಗಿನ ಸ್ಥಾಯಿಯಲ್ಲಿ ಅದು ಸೆಕೆಂಡಿಗೆ 196 ಕಂಪನ. ಎರಡು ಪೈ, ಆರರ ವರ್ಗಮೂಲ, ರೆಸಿಸ್ಟರ್, ಕೆಪಾಸಿಟರ್, ನಾಲ್ಕನ್ನೂ ಗುಣಿಸಿ ಅದರಿಂದ ಒಂದನ್ನು ಭಾಗಿಸಿದರೆ ಕಂಪನ ಸಂಖ್ಯೆ ಸಿಗುತ್ತದೆ. 10 ಕಿಲೋ ಓಮ್ ಇಟ್ಟು ಲೆಕ್ಕ ಹಾಕಿದೆ, ಕೆಪಾಸಿಟರ್ 0.033 ಮೈಕ್ರೋಫ್ಯಾರಡ್ ಬಂತು. ಅಂಗಡಿಯಲ್ಲಿ ಸಿಗುವ ಅಳತೆಯೇ, ಮೈಮೇಲೆ 333 ಎಂದು ಬರೆದಿರುತ್ತದೆ. ಅಷ್ಟು ಸಲೀಸಾಗಿ ಲೆಕ್ಕ ಕೂಡಿಬಂದದ್ದನ್ನು ನೋಡಿ ದೇವರ ದಯೆ ಎಂದುಕೊಂಡೆ.

ಬ್ರೆಡ್‌ಬೋರ್ಡಿನಲ್ಲಿ ಚುಚ್ಚಿ, ಒಂಬತ್ತು ವೋಲ್ಟಿನ ಬ್ಯಾಟರಿ ಕೊಟ್ಟು, 386 ಐಸಿಯ ಪುಟ್ಟ ಆಂಪ್ಲಿಫೈಯರಿಗೆ ಸೇರಿಸಿ ಕೂತೆ. ನಿಶ್ಶಬ್ದ. ತಂತಿ ಎಲ್ಲ ಬಿಚ್ಚಿ ಮತ್ತೆ ಚುಚ್ಚಿದೆ. ನಿಶ್ಶಬ್ದ. ನಾಲ್ಕು ಸಂಜೆ ಹೀಗೇ ಹೋಯಿತು. ಐದನೆಯ ದಿನ ಬೋರ್ಡನ್ನು ಹಾಗೇ ಅಂಗಡಿಗೆ ಒಯ್ದೆ. ಅವನು ಒಂದು ಟಿವಿಯ ಬೆನ್ನು ತೆರೆದು ಕೂತಿದ್ದ. ಓರೆಗಣ್ಣಲ್ಲಿ ನೋಡಿ, “ಎಮಿಟರಿಗೆ ಕೆಪಾಸಿಟರ್ ಎಲ್ಲಿ?” ಎಂದ. ಎಮಿಟರಿನ 1 ಕಿಲೋ ಓಮ್ ರೆಸಿಸ್ಟರ್ ಟ್ರಾನ್ಸಿಸ್ಟರಿನ ಬಾಯಿಗೆ ಕೈ ಅಡ್ಡ ಹಿಡಿದ ಹಾಗೆ. ಅದಿದ್ದಷ್ಟು ಹೊತ್ತು ಹಿಗ್ಗುವಿಕೆ ನಾಲ್ಕೈದು ಪಟ್ಟು ಮಾತ್ರ, ಬೇಕಾದದ್ದು 29. ಅದರ ಪಕ್ಕಕ್ಕೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಅಲೆಗೆ ಬೇರೆ ದಾರಿ ಸಿಗುತ್ತದೆ, ಬಾಯಿ ಬಿಡುಗಡೆಯಾಗುತ್ತದೆ. ಅವನೇ ತನ್ನ ಡಬ್ಬಿಯಿಂದ ಒಂದು ತೆಗೆದು ಚುಚ್ಚಿದ. ಕಾಲು ತಾಗಿದ್ದೇ ತಡ, ಪುಟ್ಟ ಸ್ಪೀಕರ್ “ಊಂ” ಎಂದಿತು.

ಮನೆಗೆ ತಂದು ಹೆಂಡತಿಯ ಮುಂದಿಟ್ಟೆ. ಕಣ್ಣು ಮುಚ್ಚಿ ಕೇಳಿದಳು. “ಇದು ತಂಬೂರಿ ಅಲ್ಲ, ದೊಡ್ಡ ಸೊಳ್ಳೆ” ಎಂದಳು. ತಂತಿಯ ಕೆಳಗಿನ ಜೀವಾಳಿ ದಾರ ಹೊರಡಿಸುವ ಆ ಬಣ್ಣ ಇದಕ್ಕೆ ಎಲ್ಲಿಂದ ಬರಬೇಕು, ನಿಜ. “ಮತ್ತೆ ಇದು ಐದಲ್ಲ. ನಾಲ್ಕಕ್ಕೂ ಒಂಚೂರು ಕೆಳಗಿದೆ.” ಅವಳ ಕಿವಿಯ ಮೇಲೆ ನಂಬಿಕೆ ಇಲ್ಲದೆ, ಅಲೆಯನ್ನು ಬರೆದು ತೋರಿಸುವ ಆಸಿಲೋಸ್ಕೋಪಿಗೆ ಹಿಡಿಸಿದೆ. 196 ಇರಬೇಕಾದಲ್ಲಿ 170ರ ಆಸುಪಾಸು. ಬಿಳಿ ನಾಲ್ಕು ಎಂದರೆ ಸುಮಾರು 175. ಕಿವಿ ಸರಿ, ದೇವರ ದಯೆಯ ಲೆಕ್ಕ ತಪ್ಪು. ಕಲೆಕ್ಟರಿನ 4.7 ಕಿಲೋ ಓಮ್ ರೆಸಿಸ್ಟರ್ ತಾನೂ ಆ ಮೂರು ಮೆಟ್ಟಿಲಿನ ಸಾಲಿನಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಆರರ ವರ್ಗಮೂಲ ಇದ್ದಲ್ಲಿ ಸುಮಾರು ಎಂಟರದು ಬರುತ್ತದೆ. ಹಿಗ್ಗಿಸುವವನು ಹೊರಗೆ ನಿಂತು ಹಿಗ್ಗಿಸುತ್ತಾನೆ ಎಂದು ನಾನು ಭಾವಿಸಿದ್ದೆ. ಅವನೂ ಸುತ್ತಿನೊಳಗೇ ಇದ್ದಾನೆ.

ಇಲ್ಲಿಂದ ನನ್ನ ತಲೆ ಕೆಟ್ಟಿತು.

ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ, ದೇವಗಿರಿಯ ಯಾದವರ ಆಶ್ರಯದಲ್ಲಿದ್ದುಕೊಂಡು, ಸಂಗೀತರತ್ನಾಕರದಲ್ಲಿ ನಾದವನ್ನು ಎರಡಾಗಿ ವಿಂಗಡಿಸಿದ. ಆಹತ, ಅನಾಹತ. ಹೊಡೆದಾಗ, ಮೀಟಿದಾಗ, ಊದಿದಾಗ ಹುಟ್ಟುವುದು ಆಹತ. ಹೊಡೆಯದೆ ಇರುವುದು ಅನಾಹತ. ಅದು ಯೋಗಿಗಳಿಗೆ, ನಮಗಲ್ಲ. ಕಿವಿಗೆ ಕೇಳುವ ನಾದಕ್ಕೆಲ್ಲ ಒಂದು ಪೆಟ್ಟು ಇದ್ದೇ ಇದೆ ಎಂಬುದು ಈ ವಿಂಗಡಣೆಯ ಹಿಂದಿನ ತಿಳುವಳಿಕೆ. ಹಾಗಾದರೆ ನನ್ನ ಮೇಜಿನ ಮೇಲಿನ ಸೊಳ್ಳೆಯನ್ನು ಮೀಟಿದ್ದು ಯಾರು? ತಂಬೂರಿಗೆ ಬೆರಳಿದೆ, ಗಂಟೆಗೆ ನಾಲಗೆ ಇದೆ. ಇದರ ಎಡಗಡೆ ಖಾಲಿ.

ಮಗಳ ಹಳೇ ಲ್ಯಾಪ್‌ಟಾಪಿನಲ್ಲಿ ಸರ್ಕ್ಯೂಟ್ ಓಡಿಸಿ ನೋಡುವ ಸಾಫ್ಟ್‌ವೇರ್ ಇತ್ತು. ಉತ್ತರ ಸಿಕ್ಕೀತೇ ಎಂದು ಅದರಲ್ಲಿ ಇನ್ನೊಂದು ಬಗೆಯ ಆಸಿಲೇಟರಾದ ಮಲ್ಟಿವೈಬ್ರೇಟರ್ ಬರೆದೆ. ಎರಡು ಟ್ರಾನ್ಸಿಸ್ಟರ್ ಎದುರುಬದುರು, ಒಂದು ಎಚ್ಚರವಿದ್ದರೆ ಇನ್ನೊಂದು ಮಲಗಬೇಕು, ಸರದಿಯಲ್ಲಿ. ಎಡಕ್ಕೂ ಬಲಕ್ಕೂ ಒಂದೇ ಅಳತೆ, ಕನ್ನಡಿಯಲ್ಲಿ ಕಂಡ ಹಾಗೆ ಬರೆದಿದ್ದೆ. ನನ್ನ ಹಾಳೆಗಳಲ್ಲೇ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಓಡಿಸಿದರೆ ನೆಟ್ಟಗೆ ಒಂದು ಅಡ್ಡಗೆರೆ. ಏರಿಲ್ಲ, ಇಳಿತವಿಲ್ಲ. ಎರಡು ಟ್ರಾನ್ಸಿಸ್ಟರೂ ಸಮಸಮ ಎಚ್ಚರ, ಯಾವುದಕ್ಕೂ ಮೊದಲು ಮಲಗಲು ಕಾರಣವಿಲ್ಲ. ಶಿಷ್ಯನಿಗೆ ಫೋನ್ ಮಾಡಿದೆ. “ಅದು ಹಾಗೇ ಮೇಷ್ಟ್ರೇ. ಕಂಪ್ಯೂಟರಿನಲ್ಲಿ ಎಲ್ಲ ಸರಿಸಮ ಇರ್ತದಲ್ಲ. ಒಂದು ಕೆಪಾಸಿಟರಿಗೆ ಶುರುವಲ್ಲೇ ಚೂರು ಚಾರ್ಜ್ ಇದೆ ಅಂತ ಸುಳ್ಳು ಹೇಳಿ, ಓಡ್ತದೆ” ಎಂದ. ಸುಳ್ಳು ಹೇಳಿದೆ. ಓಡಿತು. ಅದೇ ಸರ್ಕ್ಯೂಟನ್ನು ಬೋರ್ಡಿನಲ್ಲಿ ಕಟ್ಟಿದಾಗ ಯಾವ ಸುಳ್ಳೂ ಬೇಕಾಗಲಿಲ್ಲ. ಬ್ಯಾಟರಿ ಕೊಟ್ಟದ್ದೇ ಎರಡು ಎಲ್‌ಇಡಿಗಳು ಸರದಿಯಲ್ಲಿ ಕಣ್ಣು ಹೊಡೆಯತೊಡಗಿದವು.

ಯಾಕೆಂದರೆ ಬೋರ್ಡಿನ ಮೇಲೆ ಯಾವ ಎರಡೂ ಸಮವಲ್ಲ, ಯಾವುದೂ ಸುಮ್ಮನಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ಸನ್ ಎಂಬವರು ಅಳೆದು, ನೈಕ್ವಿಸ್ಟ್ ಎಂಬವರು ಲೆಕ್ಕ ಕಟ್ಟಿ, 1928ರಲ್ಲಿ ಪ್ರಕಟಿಸಿದ ಸಂಗತಿ ಇದು: ಯಾವ ರೆಸಿಸ್ಟರೇ ಆಗಲಿ, ಯಾವುದಕ್ಕೂ ಜೋಡಿಸದೆ ಸುಮ್ಮನೆ ಮೇಜಿನ ಮೇಲಿಟ್ಟರೂ, ಅದರ ಎರಡು ಕಾಲುಗಳ ನಡುವೆ ವೋಲ್ಟೇಜು ತುಯ್ಯುತ್ತಲೇ ಇರುತ್ತದೆ. ಕಾರಣ ಬರೀ ಬಿಸಿ. ನಾವು ತಣ್ಣಗಿದೆ ಎನ್ನುವ ಕೋಣೆಯ ಬಿಸಿಯೇ ಸಾಕು, ಒಳಗಿನ ಎಲೆಕ್ಟ್ರಾನುಗಳು ಜಾತ್ರೆಯಲ್ಲಿ ಜನ ನೂಕಾಡಿದ ಹಾಗೆ ನೂಕಾಡುತ್ತವೆ. ನನ್ನ 10 ಕಿಲೋ ಓಮಿನಲ್ಲಿ, ಕಿವಿಗೆ ಕೇಳುವ ವ್ಯಾಪ್ತಿಯೊಳಗೆ, ಅದು ಸುಮಾರು ಎರಡು ಮೈಕ್ರೋವೋಲ್ಟ್. ಗಡಿಯಾರದ ಸೆಲ್ಲಿನ ಏಳೂವರೆ ಲಕ್ಷದಲ್ಲಿ ಒಂದು ಪಾಲು. ನಾಯ್ಸ್ ಎಂದು ಕರೆಯುವ ಆ ಗದ್ದಲದಲ್ಲಿ ಎಲ್ಲ ಸ್ವರಗಳೂ ಕಲಸಿಕೊಂಡಿರುತ್ತವೆ. ಸುತ್ತು ಬಂದಾಗ ಭಂಗಿ ಕೂಡುವ ಒಂದೇ ಸ್ವರ ಬೆಳೆಯುತ್ತದೆ, ಉಳಿದವು ಸೊರಗುತ್ತವೆ.

ನಾದ ಎಂಬ ಶಬ್ದವನ್ನು ಪ್ರಾಣ ಮತ್ತು ಅಗ್ನಿಯ ಕೂಡಿಕೆಯೆಂದು ಒಡೆಯುವ ಪದ್ಧತಿ ಅದೇ ಸಂಗೀತರತ್ನಾಕರದಲ್ಲಿದೆ. ಓದಿದಾಗ ನನಗೂ ರೋಮಾಂಚನವಾಯಿತು. ಆದರೆ ಇದನ್ನು ದಯವಿಟ್ಟು ಭಾಷಣ ಮಾಡುವವರ ಕಿವಿಗೆ ಹಾಕಬೇಡಿ. ಶಾರ್ಙ್ಗದೇವ ಹೇಳಿದ ಬೆಂಕಿ ದೇಹದೊಳಗಿನದು, ರೆಸಿಸ್ಟರಿನದಲ್ಲ.

ಶಿಷ್ಯ ಇಲ್ಲೊಂದು ತಕರಾರು ತೆಗೆದ, ನ್ಯಾಯವಾದದ್ದೇ. “ನಾಯ್ಸ್ ಎಲ್ಲ ಸರಿ ಮೇಷ್ಟ್ರೇ, ಆದ್ರೆ ನೀವು ಬ್ಯಾಟರಿ ಸಿಕ್ಕಿಸೋವಾಗ ಕೊಡೋ ಧಕ್ಕೆ ಇದ್ಯಲ್ಲ, ಅದರ ಮುಂದೆ ಈ ಎರಡು ಮೈಕ್ರೋವೋಲ್ಟ್ ಲೆಕ್ಕಕ್ಕಿಲ್ಲ. ನೀವೇ ಹೊಡೆದು ಎಬ್ಬಿಸ್ತಿದ್ದೀರಿ.” ಹಾಗಾದರೆ ಆಹತವೇ ಆಯಿತಲ್ಲ. ನನಗೆ ಸೋಲಲು ಮನಸ್ಸಾಗಲಿಲ್ಲ. ಎಮಿಟರಿನ ರೆಸಿಸ್ಟರ್ ತೆಗೆದು ಅಲ್ಲಿ 1 ಕಿಲೋ ಓಮಿನ ಪ್ರೀಸೆಟ್, ಅಂದರೆ ತಿರುಪಿನಿಂದ ಹೊಂದಿಸುವ ಮೂರು ಕಾಲಿನ ರೆಸಿಸ್ಟರ್ ಹಾಕಿ, ಅದರ ನಡುಗಾಲಿಗೆ ಕೆಪಾಸಿಟರ್ ಕೊಟ್ಟೆ. ತಿರುಪು ತಿರುಗಿಸಿದಂತೆ ಹಿಗ್ಗುವಿಕೆ ಕೂದಲೆಳೆಯಷ್ಟೇ ಏರುತ್ತದೆ. ಸ್ವರ ಏಳುವ ತನಕ ತಿರುಗಿಸಿ, ಅದು ಆರುವ ತನಕ ಹಿಂದಕ್ಕೆ ತಂದು, ಆ ಹೊಸ್ತಿಲಿನಲ್ಲಿ ನಿಲ್ಲಿಸಿದೆ. ಬ್ಯಾಟರಿಯ ಧಕ್ಕೆ ಯಾವತ್ತೋ ಅಡಗಿತ್ತು. ಹತ್ತು ನಿಮಿಷ ಕಾದೆ. ನಿಶ್ಶಬ್ದ. ಕತ್ತಲಾಗುತ್ತಿತ್ತು, ಎದ್ದು ಸಂಧ್ಯಾವಂದನೆಗೆ ಹೋದೆ.

ಅರ್ಘ್ಯ ಬಿಟ್ಟು, ಜಪ ಮುಗಿಸಿ, ಪಂಚಪಾತ್ರೆ ತೊಳೆದಿಟ್ಟು ಜಗಲಿಗೆ ಬರುವಾಗ ಕೋಣೆಯೊಳಗಿಂದ ಸಣ್ಣಗೆ “ಊಂ” ಕೇಳಿತು. ಒಳಗೆ ಯಾರೂ ಹೋಗಿರಲಿಲ್ಲ. ಹೆಂಡತಿ ಹಿತ್ತಿಲಲ್ಲಿ ವೀಳ್ಯದೆಲೆ ಕೊಯ್ಯುತ್ತಿದ್ದಳು. ದೀಪ ಹಾಕದೆ ಬಾಗಿಲಲ್ಲೇ ನಿಂತು ಕೇಳಿದೆ. ತಿರುಪು ಬಿಟ್ಟಲ್ಲೇ ಇತ್ತು.

ಮರುದಿನ ಶಿಷ್ಯ ಕಾರಣಗಳನ್ನು ಎಣಿಸಿ ಕೊಟ್ಟ. ಸಂಜೆಯಾಗಿ ಕೋಣೆಯ ಬಿಸಿ ಬದಲಾಗಿರುತ್ತದೆ, ಬ್ಯಾಟರಿಯ ವೋಲ್ಟೇಜು ಒಂದು ಎಳೆ ಸರಿದಿರುತ್ತದೆ, ಪ್ರೀಸೆಟ್ಟಿನ ಕಾಂಟ್ಯಾಕ್ಟ್ ಯಾವಾಗಲೂ ನಂಬಿಕೆಗೆ ಅರ್ಹವಲ್ಲ. ಎಲ್ಲವೂ ಇದ್ದೀತು. ಹೊಸ್ತಿಲು ದಾಟಿಸಿದ್ದು ಅವುಗಳಲ್ಲಿ ಒಂದು. ಆದರೆ ದಾಟಿದ ಗಳಿಗೆಯಲ್ಲಿ ಬೆಳೆಯಲು ಏನೋ ಒಂದು ಅಲ್ಲಿ ಮೊದಲೇ ಇರಬೇಕಲ್ಲ? ಇತ್ತು. ಎಂದೂ ಇಲ್ಲದೆ ಇರಲಿಲ್ಲ.

ವಿದ್ವತ್ತಿಗೆ ಓದುವಾಗ, ಇದೇ ಪ್ರಶ್ನೆ ಎದ್ದು ಬರುವ, ಶಂಕರರ ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಎರಡನೆಯ ಪಾದವನ್ನು ಪಾಠ ಮಾಡಿಸಿಕೊಂಡಿದ್ದೆ. ನಮಗೆ ಪಾಠ ಹೇಳಿದವರು ಅಲ್ಲಿ ಎದುರಾಳಿಗಳಾಗಿ ಬರುವ ಸಾಂಖ್ಯರನ್ನು ಒಂದೇ ಮಧ್ಯಾಹ್ನದಲ್ಲಿ ಸೋಲಿಸಿ ಕಾಫಿಗೆ ಎದ್ದಿದ್ದರು. ಆ ಪುಸ್ತಕವನ್ನು ಅಟ್ಟದಿಂದ ಇಳಿಸಿ ದೂಳು ಹೊಡೆದೆ.

ಸಾಂಖ್ಯರ ಪ್ರಕಾರ ಸತ್ತ್ವ, ರಜಸ್ಸು, ತಮಸ್ಸು ಸಮನಾಗಿ ನಿಂತಿರುವ ಸ್ಥಿತಿಯೇ ಪ್ರಧಾನ. ಆ ಸಮತೋಲ ಕದಡಿದಾಗ ಸೃಷ್ಟಿ. ಪುರುಷ ಏನನ್ನೂ ಮಾಡುವವನಲ್ಲ, ಸುಮ್ಮನೆ ಹತ್ತಿರ ಇರುವವನು. ಎಂಟನೆಯ ಸೂತ್ರದ ಭಾಷ್ಯದಲ್ಲಿ ಶಂಕರರು ಹಿಡಿಯುವುದು ಇಲ್ಲೇ: ಮೂರೂ ಸಮನಾಗಿ ನಿಂತಿದ್ದರೆ, ಹೊರಗಿನಿಂದ ಕದಡುವವನೂ ಇಲ್ಲದಿದ್ದರೆ, ಏರುಪೇರು ಹುಟ್ಟುವುದು ಹೇಗೆ? ಲ್ಯಾಪ್‌ಟಾಪಿನ ಅಡ್ಡಗೆರೆ ನನ್ನ ಕಣ್ಣ ಮುಂದೆ ಬಂತು. ಒಂಬತ್ತನೆಯ ಸೂತ್ರಕ್ಕೆ ಹೋದರೆ ಅಲ್ಲಿ ಸಾಂಖ್ಯರ ಪರವಾದ ಒಂದು ಉತ್ತರವನ್ನು ಶಂಕರರೇ ಪ್ರಾಮಾಣಿಕವಾಗಿ ಮುಂದಿಡುತ್ತಾರೆ. ಗುಣಗಳ ಸ್ವಭಾವವೇ ಚಂಚಲ, ಆದ್ದರಿಂದ ಸಮನಾಗಿ ನಿಂತಾಗಲೂ ಅವು ಏರುಪೇರಾಗಲು ತಕ್ಕವಾಗಿಯೇ ಇರುತ್ತವೆ ಎಂಬ ಉತ್ತರ. ಮೂವತ್ತೈದು ವರ್ಷದ ಹಿಂದೆ ಈ ವಾಕ್ಯ ನನಗೆ ಸೋಲುವವನ ಕೊನೆಯ ಕುಂಟುನೆಪದಂತೆ ಕಂಡಿತ್ತು. ಈಗ ಅದರ ಎದುರು ನನ್ನ 10 ಕಿಲೋ ಓಮಿನ ರೆಸಿಸ್ಟರ್ ಇಟ್ಟುಕೊಂಡು ಓದಿದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿದೆ, ಒಳಗೆ ತುಯ್ಯುತ್ತಿದೆ. ಯಾರೂ ಕದಡುತ್ತಿಲ್ಲ. ಕದಡದೆ ಇರುವುದು ಅದಕ್ಕೆ ಬರುವುದೇ ಇಲ್ಲ.

ಶಂಕರರು ಅಷ್ಟಕ್ಕೆ ಬಿಡುವವರಲ್ಲ. ಹೀಗೆ ಮರುನುಡಿಯುತ್ತಾರೆ: ತಕ್ಕವಾಗಿದ್ದರೂ ನಿಮಿತ್ತವಿಲ್ಲದಿದ್ದರೆ ಏರುಪೇರಾಗಬಾರದು, ನಿಮಿತ್ತವಿಲ್ಲದೆ ಆಗುವುದಾದರೆ ಸದಾ ಆಗುತ್ತಲೇ ಇರಬೇಕು. ಇದು ನಾಲ್ಕು ಸಂಜೆಯ ನನ್ನ ಮೌನದ ಬೋರ್ಡು. ನಾಯ್ಸ್ ಆಗಲೂ ಇತ್ತು. ಎಮಿಟರಿನ ಕೆಪಾಸಿಟರ್ ಇರಲಿಲ್ಲ. ಚಾಂಚಲ್ಯ ಒಂದೇ ಸಾಲದು, ಅದನ್ನು ಹಿಡಿದು ಸುತ್ತು ಹಾಕಿಸುವ ಜೋಡಣೆ ಬೇಕು. ಆ ಪಾದ ಶುರುವಾಗುವುದೇ ರಚನೆಯ ಮಾತಿನಿಂದ: ಇಷ್ಟು ಅಚ್ಚುಕಟ್ಟಾದ ಏರ್ಪಾಡು ಅರಿವಿಲ್ಲದ್ದರಿಂದ ಆಗದು ಎಂದು.

ನನ್ನ ತೀರ್ಪು ಹೀಗಿದೆ. ಪಂಡಿತರು ಬೈಯಲಿ. ಮೊದಲ ಪೆಟ್ಟು ಯಾರದು ಎಂಬ ವಾದದಲ್ಲಿ ಸಾಂಖ್ಯರು ಗೆದ್ದಿದ್ದಾರೆ. ಸುಮ್ಮನಿರುವುದೇ ವಸ್ತುಗಳ ಸಹಜ ಸ್ಥಿತಿ, ಅಲ್ಲಾಡಿದರೆ ಮಾತ್ರ ಕಾರಣ ಹೇಳಬೇಕು ಎಂದು ನಾವು ಕೇಳದೆಯೇ ಒಪ್ಪಿಕೊಂಡಿದ್ದೆವು. ಒಪ್ಪಿದ್ದರಿಂದಲೇ ಮೊದಲು ಕದಡಿದವನನ್ನು ಹುಡುಕಿಕೊಂಡು ಹೊರಟೆವು. ಪೂರ್ತಿ ಸ್ತಬ್ಧತೆ ನನಗೆ ಇದುವರೆಗೆ ಸಿಕ್ಕಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಆದರೆ ರಚನೆಯ ವಾದದಲ್ಲಿ ಶಂಕರರನ್ನು ನಾನು ಸೋಲಿಸಲಾರೆ. ಆ ಬೋರ್ಡಿನಲ್ಲಿ ಯಾವುದೂ ತಾನಾಗಿ ಬಂದು ಚುಚ್ಚಿಕೊಳ್ಳಲಿಲ್ಲ.

ಸೋಲಿಸಲಾರೆ, ಆದರೆ ಒಂದು ಮುಳ್ಳು ಉಳಿದಿದೆ. ಆ ಬೋರ್ಡಿನ ಕರ್ತೃ ನಾನೇ ತಾನೆ. ಅರಿವುಳ್ಳವನೇ, ಪೆನ್ಷನ್ ಬರುತ್ತದೆ. ನಾನು ರಚಿಸಿದ್ದು 196ಕ್ಕೆ. ಅದು ಹಾಡಿದ್ದು 170ಕ್ಕೆ. ಹಾಡಿದ ಆ ಸ್ವರಕ್ಕೆ ಕರ್ತೃ ಯಾರು? ನನ್ನ ತಪ್ಪು ಎಂದು ಶಿಷ್ಯ ಹೇಳುತ್ತಾನೆ. ತಪ್ಪಿನಿಂದಲೂ ಅಷ್ಟೇ ಅಚ್ಚುಕಟ್ಟಾದ ಸ್ವರ ಬರುತ್ತದೆ ಎಂದಾದರೆ, ಅಚ್ಚುಕಟ್ಟನ್ನು ತೋರಿಸಿ ಕರ್ತೃವಿನ ಜಾಣತನವನ್ನು ಊಹಿಸುವುದು ಎಷ್ಟು ಸರಿ? ಲೋಕ ಯಾರದೋ ಸಂಕಲ್ಪ ಇರಬಹುದು. ಸಂಕಲ್ಪಿಸಿದ ಶ್ರುತಿಯಲ್ಲೇ ಇದೆಯೇ ಎಂಬುದು ಬೇರೆ ಪ್ರಶ್ನೆ, ಅದನ್ನು ಭಾಷ್ಯದಲ್ಲಿ ಯಾರೂ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಬೀಜಾಂಕುರದ ಮಾತೂ ಹಳೆಯ ರುಚಿ ಕಳೆದುಕೊಂಡಿದೆ. ಬೀಜದಿಂದ ಮರ, ಮರದಿಂದ ಬೀಜ, ಆದ್ದರಿಂದ ಸಂಸಾರ ಅನಾದಿ ಎಂದು ಸಾವಿರ ಸಲ ಹೇಳಿದ್ದೇನೆ. ಗೌಡಪಾದರು ತಮ್ಮ ಕಾರಿಕೆಗಳ ನಾಲ್ಕನೆಯ ಪ್ರಕರಣದಲ್ಲಿ ಈ ಉದಾಹರಣೆಯನ್ನೇ ಒಪ್ಪುವುದಿಲ್ಲ: ಸಾಧಿಸಬೇಕಾದದ್ದನ್ನೇ ಉದಾಹರಣೆ ಮಾಡಿಕೊಂಡಿದ್ದೀರಿ ಎನ್ನುತ್ತಾರೆ. ನನ್ನ ತಕರಾರು ಅದಕ್ಕಿಂತ ಒರಟು. ಮಾವಿನ ಬೀಜ ಮಾವನ್ನೇ ಕೊಡುತ್ತದೆ. ಆದರೆ ಪ್ರತಿ ಸಂಜೆ ನನ್ನ ಆಸಿಲೇಟರ್ ಬೇರೆ ಬೇರೆ ಗದ್ದಲದಿಂದ ಎದ್ದು ಅದೇ ‘ಸ’ಕ್ಕೆ ಬಂದು ನಿಲ್ಲುತ್ತದೆ. ಸ್ಕೋಪಿನಲ್ಲಿ ಆ ಏಳುವಿಕೆಯನ್ನು ಹಿಡಿದು ನಿಲ್ಲಿಸಿ ನೋಡಿದ್ದೇನೆ. ಎಡದಲ್ಲಿ ನೂಲಿನಷ್ಟು ಸಣ್ಣ, ಸುತ್ತು ಸುತ್ತಿಗೂ ದಪ್ಪ, ಆಮೇಲೆ ಬ್ಯಾಟರಿ ಕೊಡುವಷ್ಟರ ಮಿತಿಗೆ ತಲೆ ತಾಗಿ ಅಲ್ಲಿಗೆ ನಿಂತುಬಿಡುತ್ತದೆ. ಬೀಜ ದೊಡ್ಡದಿತ್ತೇ ಸಣ್ಣದಿತ್ತೇ ಎಂಬುದರ ಗುರುತು ಆ ಎತ್ತರದಲ್ಲಿ ಇಲ್ಲ. ಸ್ವರವನ್ನು ಗೊತ್ತುಮಾಡಿದ್ದು ಕೆಪಾಸಿಟರ್, ರೆಸಿಸ್ಟರ್. ಎತ್ತರವನ್ನು ಗೊತ್ತುಮಾಡಿದ್ದು ಬ್ಯಾಟರಿ, ಟ್ರಾನ್ಸಿಸ್ಟರ್. ಬೀಜದ ಪಾಲಿಗೆ ಉಳಿದದ್ದು ಯಾವ ಗಳಿಗೆಯಲ್ಲಿ ಎದ್ದಿತು ಎಂಬುದೊಂದೇ.

ಬ್ರಹ್ಮಸೂತ್ರಗಳ ಮೊದಲಲ್ಲೇ ಬರುವ, ಬ್ರಹ್ಮವನ್ನು ಹೇಳುವ ಎರಡನೆಯ ಸೂತ್ರದಲ್ಲಿ ಹುಟ್ಟು ಒಂದೇ ಇಲ್ಲ. ಹುಟ್ಟು, ಇರವು, ಅಳಿವು ಮೂರೂ ಇವೆ. ನಾನು ಯಾವಾಗಲೂ ಹುಟ್ಟಿನ ಹತ್ತಿರವೇ ನಿಂತು ಜಗಳವಾಡುತ್ತಿದ್ದೆ. ಮೊದಲು ಯಾರು, ಮೊದಲು ಯಾರು ಎಂದು. ಪ್ರತಿ ಸುತ್ತಿನಲ್ಲೂ ಕಳೆದುಹೋಗುವ 28 ಪಾಲನ್ನು ಪ್ರತಿ ಸುತ್ತಿನಲ್ಲೂ ತುಂಬಿಕೊಡುತ್ತಿರುವುದು ಯಾವುದು ಎಂದು ಕೇಳಿರಲಿಲ್ಲ. ಸಂಜೆ ಅರ್ಘ್ಯ ಬಿಡುವಾಗ ಈಗ ಆ ಕಡೆಗೇ ಮನಸ್ಸು ಹೋಗುತ್ತದೆ. ಸೂರ್ಯ ಎಂದು ಹುಟ್ಟಿದ ಎನ್ನುವುದಕ್ಕಿಂತ ಇವತ್ತೂ ಬಂದ ಎನ್ನುವ ಕಡೆಗೆ.

“ಹಾಗಾದ್ರೆ ದೇವರಿದ್ದಾನಾ ಇಲ್ವಾ, ಏನು ತೀರ್ಮಾನ ಆಯ್ತು?” ಎಂದು ಶಿಷ್ಯ ಅಂಗಡಿಯಲ್ಲಿ ನಾಲ್ಕು ಗಿರಾಕಿಗಳ ಮುಂದೆ ಕೇಳಿದ. ಹಾಳೆಯ ಎಡಗಡೆ ಅವನನ್ನು ಹುಡುಕುವುದು ಬಿಟ್ಟಿದ್ದೇನೆ ಎಂದೆ. “ಬಿಡಬೇಡಿ ಮೇಷ್ಟ್ರೇ, ಮೇಲ್ಗಡೆ ಪ್ಲಸ್ಸಲ್ಲಿ ನೋಡಿ” ಎಂದ. ಮೂವತ್ತೆಂಟು ಹಾಕಿದ್ದು ಕಡಿಮೆಯಾಯಿತೇನೋ.

ಪೆಟ್ಟಿಗೆ ಈಗ ಸಿದ್ಧವಾಗಿದೆ. 0.033 ತೆಗೆದು ಮೂರು ಕಡೆಗೂ 0.027 ಹಾಕಿ, ಪ್ರತಿಯೊಂದರ ಬೆನ್ನಿಗೆ 0.0022 ಸೇರಿಸಿದ ಮೇಲೆ ಬಿಳಿ ಐದರ ಹತ್ತಿರ ಬಂತು. ಉಳಿದ ಕೂದಲೆಳೆಯನ್ನು ಹೆಂಡತಿ ತಾನೇ ಸರಿದು ಹಾಡುತ್ತಾಳೆ. ಒಂಬತ್ತು ವೋಲ್ಟಿನ ಬ್ಯಾಟರಿ ತಿಂಗಳಿಗೊಂದು ಬೇಕು. ನೀವೂ ಕಟ್ಟುವವರಾದರೆ ಎಮಿಟರಿನ ಕೆಪಾಸಿಟರ್ ಮರೆಯಬೇಡಿ: 100 ಮೈಕ್ರೋಫ್ಯಾರಡ್, 16 ವೋಲ್ಟಿನದು ಸಾಕು, ಬಿಳಿ ಪಟ್ಟೆ ಇರುವ ಕಾಲು ಕೆಳಕ್ಕೆ, ಮೈನಸ್ಸಿಗೆ.